ಯಾರನ್ನೂ ದೂರದ ತೀರ್ಪು

ನ್ಯಾಯಾಲಯದ ತೀರ್ಪೊಂದನ್ನು ಕಥೆ-ಕವನಗಳನ್ನು ಓದುವಂತೆ ಪದಪದವಾಗಿ ಓದಲು ಸಾಧ್ಯವೇ ಎಂದು ನೀವು ಕೇಳಬಹುದು. ತೀರ್ಪುಗಳ ಭಾಷೆ ಸಾಮಾನ್ಯವಾಗಿ ವಕೀಲರಿಗಾಗಿ ರಚಿತವಾದದ್ದು. ನಮ್ಮಂಥವರಿಗೆ ಅದರ ಫಲಿತಾಂಶ ಗೊತ್ತಾದರೆ ಸಾಕು. ಆದರೆ 1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪೊಂದು ಜನಸಾಮಾನ್ಯರು ಓದಲೆಂದೇ ಬರೆಯಲ್ಪಟ್ಟಿತು. ‘ಬ್ರೌನ್ ವಿರುದ್ಧ ಟೊಪೀಕಾ ಶಿಕ್ಷಣ ಮಂಡಳಿ’ ಎಂಬುದು ಅದರ ಹೆಸರು. ಕಪ್ಪು ಜನರ ಮಕ್ಕಳನ್ನೂ ಬಿಳಿಯರ ಮಕ್ಕಳನ್ನೂ ಕಾನೂನಿನ ಬಲದಿಂದ ಬೇರೆ ಬೇರೆ ಸಾರ್ವಜನಿಕ ಶಾಲೆಗಳಲ್ಲಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅದು ಸಾರಿತು. (ಸಾರ್ವಜನಿಕ ಶಾಲೆ ಎಂದರೆ ತೆರಿಗೆ ಹಣದಿಂದ ನಡೆಯುವ ಶಾಲೆ. ನಮ್ಮಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಫಲಕ ಹೊತ್ತ ಬಹುಪಾಲು ಶಾಲೆಗಳು ಖಾಸಗಿಯಾಗಿರುವುದರಿಂದ ಇದನ್ನು ಹೇಳಬೇಕಾಯಿತು.)

ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಸಹಿ ಮಾಡಿದ ಈ ತೀರ್ಪು ಅಚ್ಚಿನಲ್ಲಿ ಹದಿನಾಲ್ಕು ಪುಟಗಳನ್ನು ಮೀರುವುದಿಲ್ಲ. ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್. ಕರಡನ್ನು ಸಹೋದ್ಯೋಗಿಗಳಿಗೆ ಕಳುಹಿಸುವಾಗ ಅವರು ತಮ್ಮ ಉದ್ದೇಶವನ್ನೂ ಬರೆದು ತಿಳಿಸಿದ್ದರು: ತೀರ್ಪು ಚಿಕ್ಕದಾಗಿರಬೇಕು, ಸಾಮಾನ್ಯ ಜನರು ಓದುವಂತಿರಬೇಕು, ಅಲಂಕಾರವಾಗಲಿ ಭಾವಾವೇಶವಾಗಲಿ ಇರಕೂಡದು, ಎಲ್ಲಕ್ಕಿಂತ ಮಿಗಿಲಾಗಿ ಅದು ಯಾರನ್ನೂ ದೂರಬಾರದು.

ಈ ಕೊನೆಯ ಮಾತಿನ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಅನ್ಯಾಯವೊಂದನ್ನು ಅನ್ಯಾಯವೆಂದು ಘೋಷಿಸುವ ಬರಹ ಅನ್ಯಾಯ ಮಾಡಿದವರನ್ನು ದೂರದೆ ಇರುವುದು ಹೇಗೆ? ಪ್ರಾಥಮಿಕ ಶಾಲೆಯ ವ್ಯಾಕರಣದಲ್ಲಿ ನಾವೆಲ್ಲರೂ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಕಲಿತಿದ್ದೇವೆ. ಆ ಪಾಠವನ್ನು ನೆನಪಿನಲ್ಲಿಟ್ಟುಕೊಂಡು ಈ ತೀರ್ಪಿನ ಹೃದಯಭಾಗವನ್ನು ಓದಬೇಕು. ಕೇವಲ ವರ್ಣದ ಕಾರಣಕ್ಕೆ ಮಕ್ಕಳನ್ನು ಇತರರಿಂದ ಬೇರ್ಪಡಿಸುವುದು ಅವರಲ್ಲಿ ಕೀಳರಿಮೆಯನ್ನು ಹುಟ್ಟಿಸುತ್ತದೆ, ಅದು ಅವರ ಹೃದಯ-ಮನಸ್ಸುಗಳಿಗೆ ಎಂದಿಗೂ ಮಾಯದ ಗಾಯ ಮಾಡಬಹುದು ಎಂಬುದು ಅದರ ಸಾರ. ಮನಮುಟ್ಟುವ ಮಾತು. ಆದರೆ ಇಲ್ಲಿ ಕರ್ತೃಸ್ಥಾನದಲ್ಲಿ ನಿಂತಿರುವುದು ‘ಬೇರ್ಪಡಿಸುವುದು’ ಎಂಬ ಕ್ರಿಯೆಯೇ ಹೊರತು ಬೇರ್ಪಡಿಸಿದ ವ್ಯಕ್ತಿಯಲ್ಲ. ಗಾಯಗೊಂಡ ಮಗು ಕಣ್ಣ ಮುಂದಿದೆ. ಗಾಯ ಮಾಡಿದ ಕೈ ಎಲ್ಲಿಯೂ ಕಾಣಿಸುವುದಿಲ್ಲ.

ಆ ಕೈಯನ್ನು ಹುಡುಕಲು ಒಂದು ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ. ಈ ಕಥೆ ಗುಲಾಮಗಿರಿಯ ದಕ್ಷಿಣದಲ್ಲಿ ಅಲ್ಲ, ಉತ್ತರದ ಬಾಸ್ಟನ್ ನಗರದಲ್ಲಿ ಆರಂಭವಾಗುವುದು ಅನೇಕರಿಗೆ ಆಶ್ಚರ್ಯ ತರಬಹುದು. ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಬಾಲೆ ದಾರಿಯಲ್ಲಿ ಸಿಗುವ ಐದು ಬಿಳಿಯರ ಶಾಲೆಗಳನ್ನು ದಾಟಿಕೊಂಡು ಕಪ್ಪು ಮಕ್ಕಳ ಶಾಲೆಗೆ ಹೋಗಬೇಕಾಗಿತ್ತು. ತಂದೆ ದಾವೆ ಹೂಡಿದರು. ಚಾರ್ಲ್ಸ್ ಸಮ್ನರ್ ಮತ್ತು ಕಪ್ಪು ವಕೀಲ ರಾಬರ್ಟ್ ಮಾರಿಸ್ ವಾದಿಸಿದರು. 1849-50ರ ಆ ಪ್ರಕರಣದಲ್ಲಿ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಶಾ ಕೊಟ್ಟ ಉತ್ತರವೇನು? ಜನರ ಮನಸ್ಸಿನಲ್ಲಿ ಪೂರ್ವಗ್ರಹವಿದ್ದರೆ ಅದನ್ನು ಕಾನೂನು ಹುಟ್ಟಿಸಿದ್ದಲ್ಲ, ಬಹುಶಃ ಕಾನೂನು ಅದನ್ನು ಬದಲಿಸಲೂ ಆಗದು ಎಂದು. ಮಳೆ-ಗಾಳಿಯಂತೆ ಪೂರ್ವಗ್ರಹವೂ ತಾನಾಗಿಯೇ ಬರುತ್ತದೆ ಎಂಬ ಧಾಟಿಯ ಮಾತು ಇದು. ಅದೇ ರಾಜ್ಯದ ಶಾಸಕಾಂಗವು 1855ರಲ್ಲಿ ಶಾಲೆಗಳಲ್ಲಿ ಇಂಥ ಪ್ರತ್ಯೇಕತೆಯನ್ನು ನಿಷೇಧಿಸಿತು. ಕಾನೂನಿನಿಂದ ಆಗದು ಎಂದದ್ದನ್ನು ಐದಾರು ವರ್ಷಗಳಲ್ಲಿ ಕಾನೂನೇ ಮಾಡಿ ತೋರಿಸಿತು. ಹಾಗಿದ್ದರೂ ಶಾ ಅವರ ತೀರ್ಪು ಸಾಯಲಿಲ್ಲ. 1896ರಲ್ಲಿ ‘ಪ್ಲೆಸ್ಸಿ ವಿರುದ್ಧ ಫರ್ಗ್ಯುಸನ್’ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಆಧಾರವಾಗಿ ಎತ್ತಿಕೊಂಡಿತು.

ಪ್ಲೆಸ್ಸಿ ಪ್ರಕರಣವು ಲೂಯಿಸಿಯಾನದ ರೈಲು ಬೋಗಿಗಳಿಗೆ ಸಂಬಂಧಿಸಿದ್ದು. ‘ಪ್ರತ್ಯೇಕ, ಆದರೆ ಸಮಾನ’ ಎಂಬ ತತ್ತ್ವಕ್ಕೆ ಮುದ್ರೆಯೊತ್ತಿದ್ದು. ಅದರಲ್ಲೊಂದು ಕ್ರೂರ ವಾಕ್ಯವಿದೆ. ಬೇರ್ಪಡಿಕೆಯಿಂದ ತಮಗೆ ಕೀಳುತನದ ಮುದ್ರೆ ಬಿತ್ತೆಂದು ಕಪ್ಪು ಜನರಿಗೆ ಅನ್ನಿಸಿದರೆ ಅದು ಕಾನೂನಿನ ತಪ್ಪಲ್ಲ, ಅವರೇ ಹಾಗೆ ಅರ್ಥ ಮಾಡಿಕೊಳ್ಳುತ್ತಿದ್ದಾರೆ ಎಂಬುದು ಅದರ ಅರ್ಥ. ಹೊಡೆದವನದಲ್ಲ, ನೋವೆಂದು ತಿಳಿದವನದೇ ತಪ್ಪು! ಅಂದು ಒಬ್ಬರೇ ಒಬ್ಬರು, ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್, ಭಿನ್ನ ತೀರ್ಪು ಬರೆದರು. ನಮ್ಮ ಸಂವಿಧಾನವು ಬಣ್ಣವನ್ನು ಕಾಣದು ಎಂಬ ಅವರ ಮಾತು ಜಗತ್ಪ್ರಸಿದ್ಧ. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಅವರ ಇನ್ನೊಂದು ಮಾತು: ಈ ಕಾನೂನು ಬಂದದ್ದು ಬಿಳಿಯರನ್ನು ಕಪ್ಪು ಜನರ ಬೋಗಿಯಿಂದ ದೂರವಿಡಲು ಅಲ್ಲ, ಕಪ್ಪು ಜನರನ್ನು ಬಿಳಿಯರ ಬೋಗಿಯಿಂದ ಹೊರಗಿಡಲು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದರು ಅವರು. ಕರ್ತೃ ಯಾರೆಂದು ಹಾರ್ಲನ್‌ರಿಗೆ ಗೊತ್ತಿತ್ತು. ಅದನ್ನು ಹೇಳಲು ಅವರು ಹಿಂಜರಿಯಲಿಲ್ಲ.

ಇಷ್ಟು ಹೇಳಿ ಹಾರ್ಲನ್‌ರನ್ನು ಪೀಠದ ಮೇಲೆ ಕೂರಿಸಿ ಬಿಡುವುದು ಸುಲಭ. ಇತಿಹಾಸ ಅದಕ್ಕೆ ಅವಕಾಶ ಕೊಡುವುದಿಲ್ಲ. ಮೂರೇ ವರ್ಷಗಳ ಅನಂತರ, 1899ರಲ್ಲಿ, ಜಾರ್ಜಿಯಾ ರಾಜ್ಯದ ಶಿಕ್ಷಣ ಮಂಡಳಿಯೊಂದು ಕಪ್ಪು ಮಕ್ಕಳ ಪ್ರೌಢಶಾಲೆಯನ್ನು ಮುಚ್ಚಿದ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಪ್ರಾಥಮಿಕ ಶಾಲೆಗೆ ಸ್ಥಳ ಬೇಕು, ಹಣವಿಲ್ಲ ಎಂಬುದು ಮಂಡಳಿಯ ನೆಪ. ಬಿಳಿಯ ಹುಡುಗಿಯರ ಪ್ರೌಢಶಾಲೆ ಮಾತ್ರ ಎಂದಿನಂತೆ ನಡೆಯುತ್ತಿತ್ತು. ‘ಪ್ರತ್ಯೇಕ’ ಉಳಿಯಿತು, ‘ಸಮಾನ’ ಮಾಯವಾಯಿತು. ಇದರಲ್ಲಿ ದೋಷವಿಲ್ಲವೆಂದು ನ್ಯಾಯಾಲಯ ಒಮ್ಮತದಿಂದ ಹೇಳಿತು. ಆ ತೀರ್ಪನ್ನು ಬರೆದವರು ಅದೇ ಹಾರ್ಲನ್. ರೈಲಿನಲ್ಲಿ ಕಂಡ ಕೈ ಶಾಲೆಯ ಬಾಗಿಲ ಬಳಿ ಅವರಿಗೆ ಕಾಣಲಿಲ್ಲ.

ಕ್ರೈಸ್ತರಾದ ನಾವು ಮರೆಯಬಾರದ ಪ್ರಕರಣ ಇನ್ನೊಂದಿದೆ. ಕೆಂಟಕಿಯ ಬೆರಿಯಾ ಕಾಲೇಜು ಜಾನ್ ಫೀ ಎಂಬ ಬೋಧಕರು 1855ರಲ್ಲಿ ಆರಂಭಿಸಿದ ಸಂಸ್ಥೆ. ಅದರ ಧ್ಯೇಯವಾಕ್ಯ ಪ್ರೇಷಿತರ ಕಾರ್ಯಕಲಾಪಗಳ ಹದಿನೇಳನೆಯ ಅಧ್ಯಾಯದಿಂದ ಬಂದದ್ದು: ಲೋಕದ ಜನರೆಲ್ಲರನ್ನೂ ದೇವರು ಒಂದೇ ರಕ್ತದಿಂದ ಉಂಟುಮಾಡಿದರು ಎಂದು. ಅಲ್ಲಿ ಕಪ್ಪು ಬಿಳಿಯ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯುತ್ತಿದ್ದರು. 1904ರಲ್ಲಿ ರಾಜ್ಯ ಸರ್ಕಾರವು ಖಾಸಗಿ ಕಾಲೇಜುಗಳೂ ಹಾಗೆ ಕಲಿಸಕೂಡದೆಂದು ಕಾನೂನು ಮಾಡಿತು. 1908ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈ ಬಾರಿ ಹಾರ್ಲನ್ ಮತ್ತೆ ವಿರೋಧಿಸಿದರು. 1927ರಲ್ಲಿ ಮಿಸಿಸಿಪ್ಪಿಯ ಚೀನೀ ಮೂಲದ ಬಾಲೆ ಮಾರ್ಥಾ ಲಮ್‌ಗೂ ಬಿಳಿಯರ ಶಾಲೆಯ ಬಾಗಿಲು ತೆರೆಯಲಿಲ್ಲ. ಇದು ಎಂದೋ ಇತ್ಯರ್ಥವಾದ ಪ್ರಶ್ನೆ ಎಂದು ನ್ಯಾಯಾಲಯ ಕೈತೊಳೆದುಕೊಂಡಿತು.

ಈಗ 1954ಕ್ಕೆ ಮರಳೋಣ. ‘ಬ್ರೌನ್’ ಎಂಬ ಒಂದೇ ಹೆಸರಿನಡಿ ನಾಲ್ಕು ರಾಜ್ಯಗಳ ನಾಲ್ಕು ಪ್ರಕರಣಗಳಿದ್ದವು; ರಾಜಧಾನಿ ವಾಷಿಂಗ್ಟನ್‌ನ ಐದನೆಯದಕ್ಕೆ ಅದೇ ದಿನ ಬೇರೆ ತೀರ್ಪು ಬಂದಿತು. ಕಾನ್ಸಾಸ್‌ನ ಟೊಪೀಕಾದ ಲಿಂಡಾ ಬ್ರೌನ್ ಎಂಬ ಬಾಲಕಿಯ ಹೆಸರು ಎಲ್ಲರಿಗೂ ತಿಳಿದಿದೆ. ಆದರೆ ಕರ್ತೃವನ್ನು ಕಾಣಬೇಕಾದರೆ ದಕ್ಷಿಣ ಕ್ಯಾರೊಲಿನಾದ ಕ್ಲಾರೆಂಡನ್ ಕೌಂಟಿಗೆ ಹೋಗಬೇಕು. ಅಲ್ಲಿ ಬಿಳಿಯ ಮಕ್ಕಳಿಗೆ ಮೂವತ್ತು ಶಾಲಾ ಬಸ್ಸುಗಳಿದ್ದವು, ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. ಬಡ ರೈತರು ತಾವೇ ಹಣ ಕೂಡಿಸಿ ಹಳೆಯ ಬಸ್ಸೊಂದನ್ನು ಕೊಂಡರು. ಅದು ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಜೋಸೆಫ್ ಡಿಲೇನ್ ಎಂಬ ಬೋಧಕರು, ಶಾಲಾ ಶಿಕ್ಷಕರೂ ಆಗಿದ್ದವರು, ಅವರನ್ನು ಸಂಘಟಿಸಿದರು. ಕೇಳಿದ್ದು ಒಂದು ಬಸ್ಸು. ಅದೇ ಬೇಡಿಕೆ ಬೆಳೆದು ಪ್ರತ್ಯೇಕತೆಯ ವಿರುದ್ಧದ ದಾವೆಯಾಯಿತು. ಅರ್ಜಿಗೆ ಸಹಿ ಹಾಕಿದ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡರು. ಅವರ ಪತ್ನಿಯೂ ಕೆಲಸ ಕಳೆದುಕೊಂಡರು. ಡಿಲೇನ್‌ರ ಮನೆ ಸುಟ್ಟುಹೋಯಿತು, ಮುಂದೆ 1955ರಲ್ಲಿ ಅವರ ದೇವಾಲಯವೂ ಸುಟ್ಟುಹೋಯಿತು. ಅವರ ಮನೆಯ ಮೇಲೆ ಗುಂಡು ಹಾರಿದಾಗ ಅವರೂ ಗುಂಡು ಹಾರಿಸಿದರು. ಪೊಲೀಸರು ಬಂಧನದ ವಾರಂಟು ಹೊರಡಿಸಿದ್ದು ಡಿಲೇನ್‌ರ ಮೇಲೆ! ಅವರು ಊರು ಬಿಟ್ಟು ಓಡಬೇಕಾಯಿತು. 1974ರಲ್ಲಿ ಅವರು ತೀರಿಕೊಂಡರು. ಆ ವಾರಂಟು ರದ್ದಾದದ್ದು 2000ದಲ್ಲಿ.

ಗಮನಿಸಿದಿರಾ ಓದುಗರೇ? ನಾನೂ ಈಗ ‘ಮನೆ ಸುಟ್ಟುಹೋಯಿತು’ ಎಂದೇ ಬರೆದೆ. ಮನೆ ತಾನಾಗಿ ಸುಟ್ಟುಹೋಗುವುದಿಲ್ಲ. ಕರ್ತೃವನ್ನು ಬಿಟ್ಟುಬಿಡುವುದು ಎಷ್ಟು ಸಲೀಸು ನೋಡಿ.

ಕ್ಲಾರೆಂಡನ್ ಪ್ರಕರಣವನ್ನು 1951ರಲ್ಲಿ ಕೇಳಿದ ಮೂವರು ನ್ಯಾಯಾಧೀಶರಲ್ಲಿ ವೇಟೀಸ್ ವೇರಿಂಗ್ ಎಂಬವರು ಭಿನ್ನ ತೀರ್ಪು ಬರೆದು, ಪ್ರತ್ಯೇಕತೆ ಎಂಬುದೇ ಅಸಮಾನತೆ ಎಂದರು. ಚಾರ್ಲ್ಸ್‌ಟನ್ ನಗರದ ಹಳೆಯ ಪ್ರತಿಷ್ಠಿತ ಮನೆತನದ ಈ ಬಿಳಿಯ ನ್ಯಾಯಾಧೀಶರನ್ನು ಅವರ ಸಮಾಜವೇ ಹೊರಗಿಟ್ಟಿತು. ನಿವೃತ್ತರಾಗಿ ನ್ಯೂಯಾರ್ಕಿಗೆ ಹೋದರು. ವಾರೆನ್‌ರ ತೀರ್ಪಿನ ಮುಖ್ಯ ಸೂತ್ರ, ಅಂದರೆ ಪ್ರತ್ಯೇಕ ಶಾಲೆಗಳು ಸ್ವಭಾವತಃ ಅಸಮಾನ ಎಂಬುದು, ಮೂರು ವರ್ಷ ಮೊದಲೇ ವೇರಿಂಗ್‌ರ ಲೇಖನಿಯಿಂದ ಬಂದಿತ್ತು. ವ್ಯತ್ಯಾಸವಿಷ್ಟೇ: ವೇರಿಂಗ್ ಕೋಪದಿಂದ ಬರೆದರು, ವಾರೆನ್ ಕೋಪವನ್ನು ಸೋಸಿ ತೆಗೆದರು.

ಹಾಗೆ ಸೋಸಿದ್ದಕ್ಕೆ ವಾರೆನ್‌ರನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. 1952ರ ಡಿಸೆಂಬರಿನಲ್ಲಿ ಮೊದಲ ವಾದ ನಡೆದಾಗ ನ್ಯಾಯಾಲಯ ಒಡೆದ ಮನೆಯಾಗಿತ್ತು. 1953ರ ಸೆಪ್ಟೆಂಬರಿನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ತೀರಿಕೊಂಡು ವಾರೆನ್ ಆ ಸ್ಥಾನಕ್ಕೆ ಬಂದರು. ಒಂದೇ ಒಂದು ಭಿನ್ನಮತ ಉಳಿದರೂ ದಕ್ಷಿಣದ ರಾಜಕಾರಣಿಗಳಿಗೆ ಅದು ಆಯುಧವಾಗುತ್ತಿತ್ತು. ಕೆಂಟಕಿಯ ಸ್ಟ್ಯಾನ್ಲಿ ರೀಡ್ ಕೊನೆಯವರೆಗೂ ಹಿಂಜರಿದರು. ವಾರೆನ್ ತಾಳ್ಮೆಯಿಂದ ಅವರ ಮನವೊಲಿಸಿದರು. ಹೃದಯಾಘಾತದಿಂದ ಆಸ್ಪತ್ರೆ ಸೇರಿದ್ದ ರಾಬರ್ಟ್ ಜ್ಯಾಕ್ಸನ್ ತೀರ್ಪಿನ ದಿನ ಒಮ್ಮತವನ್ನು ತೋರಿಸಲೆಂದೇ ಪೀಠಕ್ಕೆ ಬಂದು ಕುಳಿತರು. ಇಂಥ ಒಗ್ಗಟ್ಟಿಗಾಗಿ ಭಾಷೆಯನ್ನು ಮೃದುಗೊಳಿಸಿದ್ದು ವಿವೇಕವೇ. ಶಿಕ್ಷಣದ ಮಹತ್ವವನ್ನು ಹೇಳುವ ಭಾಗವಂತೂ ಎಷ್ಟು ಸ್ವಚ್ಛವಾಗಿದೆಯೆಂದರೆ, 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಎಂದು ಸಾರುವಾಗ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಉದ್ಧರಿಸಿತು.

ಗಾಯದ ಮಾತನ್ನು ವಾರೆನ್ ಆರಿಸಿಕೊಂಡದ್ದಕ್ಕೂ ಕಾರಣವಿದೆ. ನೋವೆಂಬುದು ಕಪ್ಪು ಜನರ ಕಲ್ಪನೆ ಎಂದಿತ್ತು ಪ್ಲೆಸ್ಸಿ ತೀರ್ಪು. ಅಲ್ಲ, ನೋವು ನಿಜ ಎಂದು ಉತ್ತರಿಸಬೇಕಿತ್ತು. ಅದಕ್ಕೆ ಮನಶ್ಶಾಸ್ತ್ರದ ನೆರವು ಪಡೆಯಲಾಯಿತು. ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ಕಪ್ಪು ಮಕ್ಕಳ ಮುಂದೆ ಕಪ್ಪು-ಬಿಳಿ ಗೊಂಬೆಗಳನ್ನಿಟ್ಟು ಯಾವುದು ಚೆಂದ ಎಂದು ಕೇಳಿದ ಪ್ರಯೋಗಗಳು ಆಗಲೇ ಹೆಸರಾಗಿದ್ದವು. ಕೆನೆತ್ ಕ್ಲಾರ್ಕ್‌ರ ಬರಹವನ್ನು ತೀರ್ಪಿನ ಹನ್ನೊಂದನೆಯ ಅಡಿಟಿಪ್ಪಣಿ ಹೆಸರಿಸುತ್ತದೆ. ಉತ್ತರ ಸರಿಯೇ. ಆದರೆ ಉತ್ತರ ಕೊಡುವ ಭರದಲ್ಲಿ ತೀರ್ಪು ಪ್ಲೆಸ್ಸಿ ಎಳೆದ ಗೆರೆಯೊಳಗೇ ನಿಂತುಬಿಟ್ಟಿತು. ಪರೀಕ್ಷೆಗೆ ಒಳಗಾದದ್ದು ಮತ್ತೆ ಕಪ್ಪು ಮಗುವಿನ ಮನಸ್ಸೇ. ತನ್ನ ಪಕ್ಕದಲ್ಲಿ ಇನ್ನೊಂದು ಮಗು ಕೂರಬಾರದೆಂದು ಕಲಿತ ಬಿಳಿಯ ಮಗುವಿನ ಮನಸ್ಸಿಗೆ ಏನಾಗಿದೆ ಎಂದು ತೀರ್ಪು ಕೇಳಲಿಲ್ಲ. ರೋಗ ಯಾರಲ್ಲಿತ್ತು?

ಈ ಪ್ರಶ್ನೆ ಕೇವಲ ಶೈಲಿಗೆ ಸಂಬಂಧಿಸಿದ್ದಲ್ಲ. ಕಪ್ಪು ಮಕ್ಕಳ ಶಾಲೆಯೆಂದರೆ ಕೊರತೆಯ ತಾಣ ಎಂಬ ಭಾವನೆ ಬೇರೂರಿದ್ದರಿಂದ, ಮುಂದೆ ಶಾಲೆಗಳನ್ನು ಒಂದುಗೂಡಿಸುವಾಗ ಬಹುತೇಕ ಕಡೆ ಮುಚ್ಚಿದ್ದು ಕಪ್ಪು ಶಾಲೆಗಳನ್ನೇ. ಸಾವಿರಾರು ಕಪ್ಪು ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಕೆಲಸ ಕಳೆದುಕೊಂಡರು. ಲೇಖಕಿ ಜೋರಾ ನೀಲ್ ಹರ್ಸ್ಟನ್ 1955ರಲ್ಲೇ ಪತ್ರಿಕೆಯೊಂದಕ್ಕೆ ಬರೆದು, ಈ ತೀರ್ಪು ತನ್ನ ಜನರಿಗೆ ಗೌರವವಲ್ಲ, ಅವಮಾನ ಎಂದಿದ್ದರು. ಆಕೆಯ ನಿಲುವನ್ನು ಪೂರ್ತಿ ಒಪ್ಪಲು ನನ್ನಿಂದಾಗದು. ಪ್ರತ್ಯೇಕತೆಯ ಪರವಾದಿಗಳಿಗೆ ಅದು ಬಹಳ ಇಷ್ಟವಾಯಿತು. ಆದರೆ ಆಕೆಯ ಕೋಪಕ್ಕೆ ತೀರ್ಪಿನ ವಾಕ್ಯರಚನೆಯಲ್ಲೇ ಕಾರಣವಿತ್ತು.

ಮೊದಲ ತೀರ್ಪಿನ ಮೃದುತ್ವವನ್ನು ನಾನು ಕ್ಷಮಿಸಬಲ್ಲೆ. ಎರಡನೆಯದನ್ನು ಕ್ಷಮಿಸಲು ಕಷ್ಟ. 1954ರಲ್ಲಿ ನ್ಯಾಯಾಲಯವು ತತ್ತ್ವವನ್ನು ಮಾತ್ರ ಹೇಳಿ, ಅದನ್ನು ಜಾರಿಗೊಳಿಸುವುದು ಹೇಗೆಂಬುದನ್ನು ಮುಂದೂಡಿತ್ತು. 1955ರ ಮೇ 31ರಂದು ಆ ಎರಡನೆಯ ಭಾಗ ಬಂದಿತು. ಯಾವ ಗಡುವನ್ನೂ ಕೊಡದೆ, ಶಾಲಾ ಮಂಡಳಿಗಳು ‘ಪೂರ್ಣ ವಿವೇಚನಾಯುಕ್ತ ವೇಗದಿಂದ’ ನಡೆದುಕೊಳ್ಳಬೇಕು ಎಂದಿತು. ವಿವೇಚನೆ ಎಂಬುದು ನಿಧಾನಿಸುತ್ತದೆ, ವೇಗ ಎಂಬುದು ಓಡುತ್ತದೆ; ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಬಂಡಿ ನಿಂತಲ್ಲೇ ನಿಲ್ಲುತ್ತದೆ. ತಪ್ಪು ಮಾಡಿದವರು ಯಾರೆಂದು ಮೊದಲ ತೀರ್ಪು ಹೇಳಿರಲಿಲ್ಲ. ಆದ್ದರಿಂದ ಎರಡನೆಯ ತೀರ್ಪು ಆ ತಪ್ಪನ್ನು ತಿದ್ದುವ ಹೊಣೆಯನ್ನು ಅದೇ ಮಂಡಳಿಗಳ ಕೈಗೆ, ಅವುಗಳ ಅನುಕೂಲ ನೋಡಿಕೊಂಡು, ಒಪ್ಪಿಸಲು ಸಾಧ್ಯವಾಯಿತು. ದೋಷಿಯ ಹೆಸರು ಕೂಗಿ ಕರೆದ ಬಳಿಕ ಅವನ ಕೈಗೇ ಕೀಲಿಕೈ ಕೊಡುವುದು ಕಷ್ಟ.

ಈ ವಿವೇಚನೆಯ ಬೆಲೆಯನ್ನು ಯಾರು ತೆತ್ತರೆಂಬುದನ್ನು ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ನೋಡಬಹುದು. ಅದರ ಮುಖ್ಯ ಪಟ್ಟಣ ಫಾರ್ಮ್‌ವಿಲ್. ಅಲ್ಲಿನ ಮೋಟನ್ ಪ್ರೌಢಶಾಲೆಯನ್ನು 180 ಕಪ್ಪು ವಿದ್ಯಾರ್ಥಿಗಳಿಗೆಂದು ಕಟ್ಟಲಾಗಿತ್ತು. 1951ರ ವೇಳೆಗೆ 450ಕ್ಕೂ ಹೆಚ್ಚು ಮಂದಿ ಅಲ್ಲಿದ್ದರು. ಸ್ಥಳ ಸಾಲದೆ ಡಾಂಬರು ಕಾಗದ ಹೊದಿಸಿದ ಗುಡಿಸಿಲುಗಳಲ್ಲಿ ತರಗತಿ ನಡೆಯುತ್ತಿತ್ತು. ಆ ವರ್ಷದ ಏಪ್ರಿಲ್ 23ರಂದು ಹದಿನಾರು ವರ್ಷದ ಬಾರ್ಬರಾ ಜಾನ್ಸ್ ಸಹಪಾಠಿಗಳನ್ನು ಸಭೆ ಸೇರಿಸಿ ಮುಷ್ಕರ ಹೂಡಿದಳು. ಹಿರಿಯರಲ್ಲ, ಮಕ್ಕಳೇ ಆರಂಭಿಸಿದ ಹೋರಾಟ ಅದು. ಊರಿನ ಕಪ್ಪು ಜನರ ಬ್ಯಾಪ್ಟಿಸ್ಟ್ ಸಭೆಯ ಬೋಧಕ ಫ್ರಾನ್ಸಿಸ್ ಗ್ರಿಫಿನ್ ಅವರ ಬೆನ್ನಿಗೆ ನಿಂತರು. ಬಾರ್ಬರಾಳ ಸುರಕ್ಷತೆಗಾಗಿ ಆಕೆಯನ್ನು ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಬೋಧಕರಾಗಿದ್ದ ಸಂಬಂಧಿಕ ವರ್ನನ್ ಜಾನ್ಸ್‌ರ ಮನೆಗೆ ಕಳುಹಿಸಲಾಯಿತು. (ಆ ದೇವಾಲಯದಲ್ಲಿ ವರ್ನನ್ ಜಾನ್ಸ್‌ರ ಬಳಿಕ ಬೋಧಕರಾಗಿ ಬಂದ ತರುಣನ ಹೆಸರು ಮಾರ್ಟಿನ್ ಲೂಥರ್ ಕಿಂಗ್.) ಫಾರ್ಮ್‌ವಿಲ್ ಮಕ್ಕಳ ದಾವೆಯೂ ಬ್ರೌನ್ ತೀರ್ಪಿನ ನಾಲ್ಕರಲ್ಲಿ ಒಂದು. ಅವರು ಗೆದ್ದರು.

ಗೆದ್ದು ಪಡೆದದ್ದೇನು? ‘ವಿವೇಚನಾಯುಕ್ತ ವೇಗ’ ಎಂಬ ಮಾತನ್ನು ಹಿಡಿದುಕೊಂಡು 1958ರಲ್ಲಿ ಕೆಳ ನ್ಯಾಯಾಲಯದ ನ್ಯಾಯಾಧೀಶರು ಕೌಂಟಿಗೆ 1965ರವರೆಗೆ ಕಾಲಾವಕಾಶ ಕೊಟ್ಟರು. ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿ 1959ರ ಸೆಪ್ಟೆಂಬರಿಗೇ ಶಾಲೆ ತೆರೆಯಬೇಕೆಂದಾಗ, ಕೌಂಟಿಯ ಮೇಲ್ವಿಚಾರಕರ ಮಂಡಳಿ ಸಾರ್ವಜನಿಕ ಶಾಲೆಗಳಿಗೆ ಬಿಡಿಗಾಸನ್ನೂ ಕೊಡುವುದಿಲ್ಲವೆಂದು ನಿರ್ಧರಿಸಿತು. ಎಲ್ಲ ಸಾರ್ವಜನಿಕ ಶಾಲೆಗಳಿಗೂ ಬೀಗ ಬಿತ್ತು. 1959ರಿಂದ 1964ರವರೆಗೆ, ಐದು ವರ್ಷ! ಬಿಳಿಯ ಮಕ್ಕಳಿಗೆ ಖಾಸಗಿ ಅಕಾಡೆಮಿಯೊಂದು ಕೂಡಲೇ ಸಿದ್ಧವಾಯಿತು. ಅದರ ಮೊದಲ ತರಗತಿಗಳಿಗೆ ಸ್ಥಳ ಕೊಟ್ಟವುಗಳಲ್ಲಿ ಊರಿನ ದೇವಾಲಯಗಳೂ ಇದ್ದವು. ಭಾನುವಾರ ಕೀರ್ತನೆ ಹಾಡಿದ ಕೊಠಡಿಯಲ್ಲೇ ಸೋಮವಾರ ಬಿಳಿಯ ಮಕ್ಕಳಿಗೆ ಮಾತ್ರ ಪಾಠ. ಸುಮಾರು 1,700 ಕಪ್ಪು ಮಕ್ಕಳಿಗೆ ಶಾಲೆಯೇ ಇಲ್ಲವಾಯಿತು. ಕೆಲವರನ್ನು ನೆಂಟರ ಮನೆಗಳಿಗೆ, ಇನ್ನು ಕೆಲವರನ್ನು ಕ್ವೇಕರ್ ಪಂಥದವರ ನೆರವಿನಿಂದ ಹೊರರಾಜ್ಯಗಳ ಮನೆಗಳಿಗೆ ಕಳುಹಿಸಲಾಯಿತು. ಉಳಿದವರು ಹೊಲಗಳಲ್ಲಿ ದುಡಿದರು, ತಮ್ಮ-ತಂಗಿಯರನ್ನು ನೋಡಿಕೊಂಡರು, ಬೋಧಕರು ನಡೆಸಿದ ತಾತ್ಕಾಲಿಕ ಪಾಠಗಳಿಗೆ ಹೋದರು. 1963ರ ಶರತ್ಕಾಲದಲ್ಲಿ ಕೆನಡಿ ಸರ್ಕಾರದ ಬೆಂಬಲದಿಂದ ಉಚಿತ ಶಾಲೆಗಳು ತೆರೆದಾಗ, ಓದುವುದನ್ನು ಮರೆತಿದ್ದ ಮಕ್ಕಳಿದ್ದರು. ಒಮ್ಮೆಯೂ ತರಗತಿಯ ಮುಖ ನೋಡದ ಹತ್ತು ವರ್ಷದವರೂ ಇದ್ದರು. ಏಳು ವರ್ಷದ ಮಗುವಿಗೆ ಐದು ವರ್ಷ ಎಂದರೆ ಏನು ಎಂಬುದು ಮನೆಯಲ್ಲಿ ಮಕ್ಕಳಿರುವ ನಿಮಗೆ ಹೇಳಬೇಕಿಲ್ಲ.

ನಮ್ಮ ಧರ್ಮಸಭೆ ಆಗ ಎಲ್ಲಿತ್ತು ಎಂದು ಕೇಳಿಕೊಳ್ಳುವುದು ನಮ್ಮ ಕರ್ತವ್ಯ. ಸೇಂಟ್ ಲೂಯಿಸ್‌ನ ಮಹಾಧರ್ಮಾಧ್ಯಕ್ಷ ಜೋಸೆಫ್ ರಿಟ್ಟರ್ 1947ರಲ್ಲಿ, ಅಂದರೆ ಬ್ರೌನ್ ತೀರ್ಪಿಗೆ ಏಳು ವರ್ಷ ಮೊದಲೇ, ತಮ್ಮ ಕಥೋಲಿಕ ಶಾಲೆಗಳ ಪ್ರತ್ಯೇಕತೆಯನ್ನು ಕೊನೆಗೊಳಿಸಿದರು. ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಗಲು ಹೊರಟ ಪೋಷಕರಿಗೆ ಧರ್ಮಸಭೆಯಿಂದ ಬಹಿಷ್ಕಾರವಾದೀತೆಂದು ಎಚ್ಚರಿಸಿದರು, ಅವರು ಸುಮ್ಮನಾದರು. ನ್ಯೂ ಆರ್ಲಿಯನ್ಸ್‌ನ ಮಹಾಧರ್ಮಾಧ್ಯಕ್ಷ ಜೋಸೆಫ್ ರಮೆಲ್‌ರ ಕಥೆ ಬೇರೆ. 1956ರ ಪಾಲನಾಪತ್ರದಲ್ಲಿ ಅವರು ವರ್ಣಪ್ರತ್ಯೇಕತೆ ಪಾಪವೆಂದು ಬರೆದರು. ಅಲ್ಲಿ ಕೋಪವೂ ಇತ್ತು, ಸ್ಪಷ್ಟತೆಯೂ ಇತ್ತು; ಆದರೆ ಶಾಲೆಗಳು ಒಂದಾದದ್ದು 1962ರ ಸೆಪ್ಟೆಂಬರಿನಲ್ಲಿ. ಅದೇ ನಗರದ ಸರ್ಕಾರಿ ಶಾಲೆಗೆ ಆರು ವರ್ಷದ ರೂಬಿ ಬ್ರಿಜಸ್ ಸರ್ಕಾರಿ ಕಾವಲಿನಲ್ಲಿ ನಡೆದುಹೋಗಿ ಆಗಲೇ ಎರಡು ವರ್ಷ ಸಮೀಪಿಸಿತ್ತು. ಪಾಪವೆಂದು ಹೇಳಿದ ಆರು ವರ್ಷಗಳ ಬಳಿಕ! ವಿರೋಧಿಸಿದ ಮೂವರನ್ನು ಅವರು ಹೆಸರು ಹಿಡಿದು ಬಹಿಷ್ಕರಿಸಿದರು ನಿಜ. ಆದರೆ ಆ ಆರು ವರ್ಷಗಳು ಯಾವ ಮಕ್ಕಳ ಆಯುಷ್ಯದಿಂದ ಕಳೆದುಹೋದವು?

1964ರ ಮೇ ತಿಂಗಳಲ್ಲಿ ಪ್ರಿನ್ಸ್ ಎಡ್ವರ್ಡ್ ಪ್ರಕರಣ ಮತ್ತೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್, ವಿವೇಚನಾಯುಕ್ತ ವೇಗದ ಕಾಲ ಮುಗಿದಿದೆ ಎಂದು ಬರೆದರು. ಆ ಶಾಲಾ ವರ್ಷದಲ್ಲಿ ದಕ್ಷಿಣದ ಹನ್ನೊಂದು ರಾಜ್ಯಗಳಲ್ಲಿ ಬಿಳಿಯ ಮಕ್ಕಳೊಡನೆ ಕಲಿಯುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಒಬ್ಬರಷ್ಟು ಮಾತ್ರ. ತೀರ್ಪು ಬಂದು ಹತ್ತು ವರ್ಷ ಕಳೆದಿತ್ತು! ಅದೇ ವರ್ಷದ ನಾಗರಿಕ ಹಕ್ಕುಗಳ ಕಾಯಿದೆ ಬಂದು, ಭೇದ ಮಾಡುವ ಶಾಲೆಗೆ ಕೇಂದ್ರದ ಹಣವಿಲ್ಲ ಎಂದಾಗ ಬಂಡಿ ಚಲಿಸಿತು. 1968ರ ಗ್ರೀನ್ ತೀರ್ಪು ಕಾಗದದ ಮೇಲಿನ ‘ಆಯ್ಕೆಯ ಸ್ವಾತಂತ್ರ್ಯ’ ಸಾಲದೆಂದಿತು. 1969ರ ಇನ್ನೊಂದು ತೀರ್ಪು ತಕ್ಷಣವೇ ಎಂದಿತು. 1971ರ ಸ್ವಾನ್ ತೀರ್ಪು ಮಕ್ಕಳನ್ನು ಬಸ್ಸುಗಳಲ್ಲಿ ಬೇರೆ ಬಡಾವಣೆಯ ಶಾಲೆಗೆ ಒಯ್ಯುವುದನ್ನು ಒಪ್ಪಿತು. ಕ್ಲಾರೆಂಡನ್‌ನಲ್ಲಿ ಒಂದು ಬಸ್ಸು ಕೊಡಲು ಹಣವಿರಲಿಲ್ಲ ಎಂಬುದು ನಿಮಗೆ ನೆನಪಿರಬಹುದು.

ಆಮೇಲೆ 1974. ಡೆಟ್ರಾಯಿಟ್ ನಗರದಿಂದ ಬಿಳಿಯರು ಉಪನಗರಗಳಿಗೆ ಹೋಗಿ ನೆಲೆಸಿದ್ದರು. ನಗರದ ಶಾಲೆಗಳಲ್ಲಿ ಬಹುಪಾಲು ಕಪ್ಪು ಮಕ್ಕಳೇ ಉಳಿದಿದ್ದರು. ಉಪನಗರಗಳನ್ನೂ ಸೇರಿಸಿ ಪರಿಹಾರ ಮಾಡಬೇಕೆಂದು ಕೆಳ ನ್ಯಾಯಾಲಯ ಹೇಳಿದ್ದನ್ನು ಸರ್ವೋಚ್ಚ ನ್ಯಾಯಾಲಯವು ‘ಮಿಲಿಕನ್ ವಿರುದ್ಧ ಬ್ರಾಡ್ಲಿ’ ಪ್ರಕರಣದಲ್ಲಿ ಐದು-ನಾಲ್ಕರ ಬಹುಮತದಿಂದ ರದ್ದುಗೊಳಿಸಿತು. ಕಾರಣ? ಆ ಉಪನಗರಗಳೇ ತಪ್ಪು ಮಾಡಿದವೆಂದು ಸಾಬೀತಾಗಿಲ್ಲ ಎಂಬುದು. ಇಪ್ಪತ್ತು ವರ್ಷಗಳ ಹಿಂದೆ ಕರ್ತೃವನ್ನು ಹೆಸರಿಸದೆ ಬಿಟ್ಟ ನ್ಯಾಯಾಲಯ, ಈಗ ಕರ್ತೃವನ್ನು ತೋರಿಸಿ, ಇಲ್ಲವಾದರೆ ಪರಿಹಾರವಿಲ್ಲ ಎಂದಿತು. ಬ್ರೌನ್ ಪ್ರಕರಣದಲ್ಲಿ ಮಕ್ಕಳ ಪರ ವಾದಿಸಿದ ಥರ್ಗುಡ್ ಮಾರ್ಷಲ್ ಅಷ್ಟರಲ್ಲಿ ಅದೇ ಪೀಠದ ನ್ಯಾಯಮೂರ್ತಿಯಾಗಿದ್ದರು. ಭಿನ್ನ ತೀರ್ಪು ಬರೆಯುವ ಸರದಿ ಅವರದಾಯಿತು.

ಇಂದು ಬ್ರೌನ್ ತೀರ್ಪನ್ನು ಟೀಕಿಸುವವರೇ ವಿರಳ. ಎಲ್ಲರೂ ಅದನ್ನು ತಮ್ಮದೆನ್ನುತ್ತಾರೆ. 2007ರಲ್ಲಿ ಸಿಯಾಟಲ್ ಮತ್ತು ಲೂಯಿವಿಲ್ ನಗರಗಳು ಶಾಲೆಗಳಲ್ಲಿ ವರ್ಣವೈವಿಧ್ಯ ಉಳಿಸಲು ಮಾಡಿದ ವ್ಯವಸ್ಥೆಯನ್ನು ನ್ಯಾಯಾಲಯ ರದ್ದುಗೊಳಿಸಿದಾಗ, ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಬ್ರೌನ್‌ಗೆ ಮೊದಲು ಮಕ್ಕಳಿಗೆ ಅವರ ಬಣ್ಣ ನೋಡಿ ಶಾಲೆ ತೋರಿಸಲಾಗುತ್ತಿತ್ತು ಎಂದು ಬರೆದರು. ‘ಮಕ್ಕಳಿಗೆ’. ಹಿರಿಯ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ತಮ್ಮ ಭಿನ್ನ ತೀರ್ಪಿನಲ್ಲಿ ಆ ಒಂದೇ ಪದವನ್ನು ಹಿಡಿದು ನಿಲ್ಲಿಸಿದರು: ಹಾಗೆ ಹೇಳಿಸಿಕೊಂಡದ್ದು ಕಪ್ಪು ಮಕ್ಕಳು ಮಾತ್ರ, ಕಪ್ಪು ಶಾಲೆಗೆ ಸೇರಲು ಹೆಣಗಿದ ಬಿಳಿಯ ಮಕ್ಕಳ ಕಥೆ ಇತಿಹಾಸದಲ್ಲಿಲ್ಲ ಎಂದು. 2023ರಲ್ಲಿ ವಿಶ್ವವಿದ್ಯಾಲಯಗಳ ಪ್ರವೇಶದ ಪ್ರಕರಣದಲ್ಲೂ ಎರಡೂ ಕಡೆಯವರು ಬ್ರೌನ್ ತೀರ್ಪನ್ನೇ ಎತ್ತಿಹಿಡಿದರು. ಅದು ಖಂಡಿಸಿದ್ದು ಮಕ್ಕಳ ಬಣ್ಣ ನೋಡುವುದನ್ನೋ, ಒಂದು ಜನಾಂಗವನ್ನು ಕೆಳಗಿಡುವುದನ್ನೋ? ಪಠ್ಯದಲ್ಲಿ ಉತ್ತರ ಸ್ಪಷ್ಟವಾಗಿಲ್ಲ. ಯಾರನ್ನೂ ದೂರದ ಬರಹವನ್ನು ಯಾರು ಬೇಕಾದರೂ ಹೊದ್ದುಕೊಳ್ಳಬಹುದು. ವಾರೆನ್‌ರಿಗೆ ಬೇರೆ ರೀತಿ ಬರೆಯಲು ಬರುತ್ತಿರಲಿಲ್ಲ ಎಂದಲ್ಲ. 1967ರಲ್ಲಿ, ಬೇರೆ ವರ್ಣದವರ ನಡುವಿನ ವಿವಾಹವನ್ನು ನಿಷೇಧಿಸಿದ ವರ್ಜೀನಿಯಾದ ಕಾನೂನನ್ನು ರದ್ದುಗೊಳಿಸುವಾಗ, ಇದರ ಉದ್ದೇಶ ಬಿಳಿಯರ ಮೇಲ್ಮೆಯನ್ನು ಉಳಿಸಿಕೊಳ್ಳುವುದೇ ಎಂದು ಅವರೇ ನೇರವಾಗಿ ಬರೆದರು. ಹದಿಮೂರು ವರ್ಷ ತಡವಾಗಿ, ಬೇರೊಂದು ಪ್ರಕರಣದಲ್ಲಿ.

ಫಾರ್ಮ್‌ವಿಲ್‌ನ ಮೋಟನ್ ಶಾಲೆ ಈಗ ವಸ್ತುಸಂಗ್ರಹಾಲಯ. ಶಾಲೆ ಕಳೆದುಕೊಂಡವರಿಗೆ 2003ರಲ್ಲಿ ಗೌರವ ಪದವಿಪತ್ರಗಳನ್ನು ಕೊಟ್ಟರು. ಅಷ್ಟರಲ್ಲಿ ಅವರು ಅಜ್ಜ-ಅಜ್ಜಿಯರಾಗಿದ್ದರು. 2004ರಲ್ಲಿ ವರ್ಜೀನಿಯಾ ಅವರಿಗಾಗಿ ವಿದ್ಯಾರ್ಥಿವೇತನವನ್ನೂ ಸ್ಥಾಪಿಸಿತು. 2008ರಲ್ಲಿ ಕೌಂಟಿಯ ಮೇಲ್ವಿಚಾರಕರ ಮಂಡಳಿ, ಅಂದರೆ 1959ರಲ್ಲಿ ಹಣ ನಿರಾಕರಿಸಿದ ಅದೇ ಮಂಡಳಿ, ನ್ಯಾಯಾಲಯದ ಗೋಪುರದಲ್ಲಿ ದೀಪವೊಂದನ್ನು ಹಚ್ಚಿ ಕೆಳಗೆ ಫಲಕ ನೆಟ್ಟಿತು. ಶಾಲೆಗಳನ್ನು ಮುಚ್ಚಿದ್ದು ತಪ್ಪು ಎಂದು ಆ ಫಲಕ ಒಪ್ಪಿಕೊಳ್ಳುತ್ತದೆ. ಉಂಟಾದ ನೋವಿಗಾಗಿ ದುಃಖಿಸುತ್ತೇವೆ ಎನ್ನುತ್ತದೆ. ಬೀಗ ಹಾಕಿದ ಆ ಬಾಗಿಲುಗಳು ಮಕ್ಕಳ ಕನಸುಗಳಿಗೆ ಅಡ್ಡಗಟ್ಟಿದವು ಎಂದೂ ಹೇಳುತ್ತದೆ. ಕರ್ತೃ ಯಾರೆಂದು ಮತ್ತೊಮ್ಮೆ ಹುಡುಕಿ ನೋಡಿ: ಅಲ್ಲಿ ನಿಂತಿರುವುದು ಬಾಗಿಲುಗಳು.